ಹಸಿರು ಜೇನು

ಸೊಸೆಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮತ್ತೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಸುಳ್ಳಲ್ಲ. ಆದರೆ ಅವರ ಮೂಗೇನೂ ನನ್ನದಕ್ಕಿಂತ ಮೊಂಡಲ್ಲ. ಮುಂಗಾರು ಹಿಡಿದ ಒಂದು ಬೆಳಿಗ್ಗೆ ನಮ್ಮ ಜೇನು ಸಂಘದ ಅಧ್ಯಕ್ಷರು ಕೊಡೆ ಮಡಚುತ್ತ ಜಗಲಿ ಹತ್ತಿ, "ಅಕ್ಕ, ಡ್ರಮ್ಮು ವಾಪಸ್ ಬಂದ್ಬುಡ್ತು ಕಣಕ್ಕ. ಜೇನುತುಪ್ಪದಲ್ಲಿ ಸಕ್ಕರೆ ಐತಂತೆ" ಎಂದಾಗ ಮನೆಯಲ್ಲಿದ್ದ ಎರಡು ಮೂಗುಗಳೂ ಒಟ್ಟಿಗೇ ಕೆಂಪಾದವು.

ನಮ್ಮದು ಪಾಳ್ಯ ಹೋಬಳಿಯ ಹಳ್ಳಿ. ಕೆಳಗೆ ಗದ್ದೆ, ಏರಿನಲ್ಲಿ ರಾಗಿ ಹೊಲ, ಮನೆಯ ಹಿಂದೆ ಒಂದಿಷ್ಟು ಕಾಫಿ. ಆ ಕಾಫಿ ಗಿಡಗಳ ಸಂದಿಯಲ್ಲಿ ಅತ್ತೆಯ ತುಡುವೆ ಜೇನಿನ ಪೆಟ್ಟಿಗೆಗಳು. ತವರಿನಿಂದ ಕಲಿತು ಬಂದ ಕೆಲಸವಂತೆ. ಮದುವೆಯಾಗಿ ಬಂದ ವರ್ಷವೇ ಒಂದು ಪೆಟ್ಟಿಗೆ ಇಟ್ಟವರು ಇವತ್ತಿನವರೆಗೂ ಬಿಟ್ಟಿಲ್ಲ. ನಾನು ಬಾಳ್ಳುಪೇಟೆಯಲ್ಲಿ ಬಸ್ಸು ಹಿಡಿದು ಸಕಲೇಶಪುರದ ಕಾಲೇಜಿಗೆ ಹೋಗಿ ಕೆಮಿಸ್ಟ್ರಿ ಪಾಠ ಮಾಡುವವಳು. ಸುತ್ತಲಿನ ಊರುಗಳ ಜೇನು ಸಾಕುವವರೆಲ್ಲ ಸೇರಿ ಸಂಘ ಕಟ್ಟಿಕೊಂಡಾಗ ಮೊದಲು ನಿಂತವರಲ್ಲಿ ಅತ್ತೆಯೂ ಒಬ್ಬರು. ಎಲ್ಲರ ಜೇನುತುಪ್ಪವನ್ನೂ ಒಂದೇ ಡ್ರಮ್ಮಿಗೆ ಸುರಿದು ಹೊರಗಿನ ಒಂದು ಕಂಪನಿಗೆ ಕಳಿಸುವುದು ನಡೆದು ಬಂದ ರೂಢಿ. ಆ ವರ್ಷ ಕಂಪನಿಯವರು ಪರೀಕ್ಷೆ ಮಾಡಿಸಿದ್ದರು. ಕಬ್ಬಿನ ಸಕ್ಕರೆ ಇದೆ ಎಂದು ವರದಿ ಬಂದಿತ್ತು.

"ಡ್ರಮ್ಮಿಗೆ ಎಲ್ರೂ ಹುಯ್ದವ್ರೆ. ನಮ್ಮನೇಗ್ಯಾಕ್ ಬಂದ್ರಿ?" ಎಂದರು ಅತ್ತೆ.

ಅಧ್ಯಕ್ಷರು ಒಳ್ಳೆಯವರೇ. ಬಾಳ್ಳುಪೇಟೆಯಲ್ಲಿ ಮೆಣಸು ಕಾಫಿ ಕೊಳ್ಳುವ ಅಂಗಡಿ ಇಟ್ಟುಕೊಂಡವರು. ಕೆಟ್ಟ ಮಾತನ್ನು ನೇರವಾಗಿ ಆಡಲಾರರು. ಕೊಡೆಯ ನೀರು ಜಾಡಿಸುತ್ತ, "ಎಲ್ರಿಗಿಂತ ಜಾಸ್ತಿ ನಿಮ್ದೇ ಇತ್ತಲ್ಲಕ್ಕ. ಹೋದ್ ಮಳೇಲಿ ನೀವು ಸಕ್ಕರೆ ಮೂಟೆ ತಗಂಡೋಗಿದ್ದನ್ನ ಜನ ನೋಡವ್ರೆ. ನಾನ್ ಹೇಳ್ತಿಲ್ಲ ಮಾರಾಯ್ತಿ, ಜನ ಆಡ್ಕತಾವ್ರೆ. ದೀಪಾವಳಿ ಕಳೀಲಿ, ಮೀಟಿಂಗಲ್ಲಿ ತೀರ್ಮಾನ ಮಾಡ್ಬುಡಾನ" ಎಂದರು. ಏನು ತೀರ್ಮಾನವೆಂದು ನಾನು ಕೇಳಿದೆ. ಕಲಬೆರಕೆ ಮಾಡಿದವರು ಸಂಘದಲ್ಲಿ ಇರುವಂತಿಲ್ಲವಲ್ಲ ಮೇಡಮ್ಮೋರೇ ಎಂದು ತಲೆ ತಗ್ಗಿಸಿದರು.

ಕಲಬೆರಕೆ! ಅತ್ತೆ ಹಾಲು ಹಾಕುವ ಮನೆಗಳಿಗೆ ಒಂದು ದಿನವೂ ನೀರು ಬೆರೆಸಿ ಕೊಟ್ಟವರಲ್ಲ. ಅವರಿಗಿದ್ದ ಆಸ್ತಿಯೇ ಆ ಹೆಸರು. ಗಂಡನ ಮನೆಯ ಗದ್ದೆ ಗಂಡನದು, ಕಾಫಿ ಮಗನದು. ಜೇನು ಮತ್ತು ಜೇನಿನಿಂದ ಬಂದ ಹೆಸರು ಮಾತ್ರ ಅವರ ಸ್ವಂತದ್ದು. ಬಾಳ್ಳುಪೇಟೆ ಬಸ್ ಸ್ಟಾಂಡಿನಲ್ಲಿ ಯಾರೋ "ಸಕ್ಕರೆ ಜೇನಮ್ಮ ಬಂದ್ರು" ಎಂದಿದ್ದು ನನ್ನ ಕಿವಿಗೂ ಬಿತ್ತು. ತಿರುಗಿ ನೋಡುವಷ್ಟರಲ್ಲಿ ಬಸ್ಸು ಹೊರಟಿತ್ತು. ಇಲ್ಲದಿದ್ದರೆ ಆ ದಿನ ನನ್ನ ಮೂಗಿನ ಪರಿಚಯ ಊರಿಗೆಲ್ಲ ಆಗುತ್ತಿತ್ತು.

ಇರಲಿ, ವರದಿ ಬಂದ ದಿನಕ್ಕೆ ಬರುತ್ತೇನೆ. ಅಧ್ಯಕ್ಷರು ಅಂಗಳ ದಾಟುವ ಮುಂಚೆಯೇ ಅತ್ತೆ ಅವರನ್ನು ವಾಪಸು ಕರೆದರು. ಒಳಗಿನಿಂದ ತುಪ್ಪದ ಬಾಟಲಿ ತಂದು ಜಗಲಿಯಲ್ಲೇ ಪರೀಕ್ಷೆ ಶುರು ಮಾಡಿದರು. ಲೋಟದ ನೀರಿಗೆ ಒಂದು ಹನಿ ಬಿಟ್ಟರು. ಹನಿ ಕದಡದೆ ನೆಟ್ಟಗೆ ತಳ ಸೇರಿತು. ಬೆಂಕಿಕಡ್ಡಿಯನ್ನು ತುಪ್ಪದಲ್ಲಿ ಅದ್ದಿ ಗೀರಿದರು, ಹೊತ್ತಿತು. ಹಳೇ ಪೇಪರಿನ ಮೇಲೆ ಒಂದು ತೊಟ್ಟು ಹಾಕಿದರು, ಹಿಂಬದಿ ಒದ್ದೆಯಾಗಲಿಲ್ಲ. ಕೊನೆಗೆ ನಾಯಿಯನ್ನು ಕರೆದು ಅದರ ಮೂಗಿನ ಮುಂದೆ ಹಿಡಿದರು. ಅದು ಮೂಸಿ, ಮುಖ ತಿರುಗಿಸಿ, ಒಲೆ ಬುಡಕ್ಕೆ ಹೋಗಿ ಮಲಗಿತು.

"ನೋಡಿ! ಸಕ್ಕರೆ ಇದ್ದಿದ್ರೆ ನೆಕ್ಕದೇ ಬುಡ್ತಿತ್ತಾ?"

ಆ ನಾಯಿ ಆಗಷ್ಟೇ ಮುದ್ದೆ, ಕೋಳಿ ಸಾರು ಹೊಡೆದು ಬಂದಿತ್ತು. ಬೆಣ್ಣೆ ಇಟ್ಟಿದ್ದರೂ ಮೂಸುತ್ತಿರಲಿಲ್ಲ. ಅದನ್ನು ನಾನು ಹೇಳಲಿಲ್ಲ. ಈ ಪರೀಕ್ಷೆಗಳೆಲ್ಲ ತುಪ್ಪ ಗಟ್ಟಿಯೋ ನೀರೋ ಎಂಬುದನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ಗಟ್ಟಿಯಾಗಿ ಕಾಸಿದ ಸಕ್ಕರೆ ಪಾಕವೂ ಹೀಗೇ ಪಾಸಾಗುತ್ತದೆ. ಹಾಗೆಂದು ನಾನು ಇವನ್ನು ನೋಡಿ ನಗುವವಳಲ್ಲ. ನಾನು ಪಾಠ ಮಾಡುವ ಶಾಸ್ತ್ರ ಹುಟ್ಟಿದ್ದೇ ಇಂಥ ಜಗಲಿಗಳಲ್ಲಿ. ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ಗೆರೆಯ ಬಣ್ಣ ನೋಡುತ್ತಿದ್ದ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ನಮ್ಮ ಹೆಂಗಸರು ಕಂಡಿದ್ದರು. ಕ್ಷಾರ ಇದೆಯೋ ಇಲ್ಲವೋ ನೋಡಲು ಅರಿಶಿನದ ಕಾಗದವನ್ನು ದೊಡ್ಡ ದೊಡ್ಡ ಪ್ರಯೋಗಾಲಯದವರೂ ಬಳಸಿದ್ದಾರೆ. ನೋಡಿದ್ದು ಒಂದು, ಅದರಿಂದ ತಿಳಿದಿದ್ದು ಇನ್ನೊಂದು. ಈ ಎರಡರ ನಡುವಿನ ದಾರಿಯೇ ನನ್ನ ವಿಷಯ.

ಮಾರನೇ ದಿನ ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡು ಕಾಲೇಜಿಗೆ ಹೋದೆ. ಪ್ರಾಕ್ಟಿಕಲ್ ಮುಗಿದ ಮೇಲೆ ಲ್ಯಾಬಿನಲ್ಲಿ ಒಬ್ಬಳೇ ನಿಂತು ತಾಮ್ರದ ನೀಲಿ ದ್ರಾವಣವನ್ನು ಕುದಿಯಲು ಇಟ್ಟೆ. ತುಪ್ಪ ಕರಗಿಸಿದ ನೀರನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಡಬೇಕು. ನೀಲಿ ಬಣ್ಣ ಹೋಗಿ ಇಟ್ಟಿಗೆ ಕೆಂಪಿನ ಪುಡಿ ತಳಕ್ಕೆ ಕೂರುವವರೆಗೆ ಕಾಯಬೇಕು. ನಮ್ಮಜ್ಜನ ಅಜ್ಜನ ಕಾಲದ ಪರೀಕ್ಷೆ, ಇವತ್ತಿಗೂ ಮೋಸ ಮಾಡುವುದಿಲ್ಲ. ಜೇನಿನ ಸಕ್ಕರೆ ಈ ನೀಲಿಯನ್ನು ಕೆಂಪು ಮಾಡುತ್ತದೆ, ಅಂಗಡಿಯ ಸಕ್ಕರೆ ಮಾಡುವುದಿಲ್ಲ. ಅಂಗಡಿ ಸಕ್ಕರೆ ಬೆರೆತಿದ್ದರೆ ಲೆಕ್ಕದಲ್ಲಿ ಸಿಕ್ಕಿಬೀಳಬೇಕು. ಸಿಕ್ಕಲಿಲ್ಲ. ಮತ್ತೆ ಮಾಡಿದೆ. ಆಗಲೂ ಸಿಕ್ಕಲಿಲ್ಲ. ಅತ್ತೆಯ ತುಪ್ಪ ಅಪ್ಪಟ!

ಬಸ್ಸಿನಲ್ಲಿ ಕೂತು ಬರುವಾಗ ನನಗೆ ಎಂಥ ಹುಮ್ಮಸ್ಸು! ಸಭೆಯಲ್ಲಿ ಆಡಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲೇ ಆಡಿ ಮುಗಿಸಿದ್ದೆ. ಮನೆಗೆ ಬಂದು ಬೆಂಗಳೂರಿನಲ್ಲಿ ಇಂಥ ವರದಿ ಕೊಡುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಎಂಎಸ್ಸಿ ಗೆಳತಿಗೆ ಫೋನ್ ಮಾಡಿ, ವರದಿ ಕೊಟ್ಟವರಿಗೆ ಹೇಗೆ ಉಗಿಯಬೇಕೆಂದು ಸಲಹೆ ಕೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮೊದಲು ನೀರು ಕುಡಿ. ಹುಳ ಸಕ್ಕರೆ ಪಾಕ ಕುಡಿದ್ರೆ ಅದನ್ನ ಹೊಟ್ಟೆಯಲ್ಲೇ ಒಡೆದು ಜೇನಿನ ಸಕ್ಕರೆಯನ್ನೇ ಮಾಡಿಬಿಡುತ್ತೆ ಕಣೇ. ಆಮೇಲೆ ನಿನ್ನ ಬ್ಯೂರೆಟ್ಟಿಗೆ ಅದು ಹೂವಿಂದ ಬಂತೋ ಮೂಟೆಯಿಂದ ಬಂತೋ ಹೇಗೆ ಗೊತ್ತಾಗುತ್ತೆ? ಅವರು ಇಂಗಾಲ ತೂಗಿ ನೋಡಿದ್ದಾರೆ. ನಿಮ್ಮತ್ತೆ ಹುಳಗಳಿಗೆ ಸಕ್ಕರೆ ಕೊಡ್ತಾರಾ?"

ನಾನು ಫೋನ್ ಇಟ್ಟೆ. ಕೊಡುತ್ತಾರೆ. ಎಲ್ಲರೂ ಕೊಡುತ್ತಾರೆ. ಮಳೆಗಾಲದಲ್ಲಿ ಈ ಬೆಟ್ಟಗಳಲ್ಲಿ ಹುಳಕ್ಕೆ ಹೂವೂ ಇಲ್ಲ, ಹಾರಲು ಬಿಸಿಲೂ ಇಲ್ಲ. ಸಕ್ಕರೆ ನೀರು ಇಡದಿದ್ದರೆ ಒಂದೋ ಸಾಯುತ್ತವೆ, ಇಲ್ಲವೇ ಪೆಟ್ಟಿಗೆ ಬಿಟ್ಟು ಓಡಿಹೋಗುತ್ತವೆ. ಅದು ಕಲಬೆರಕೆಯಲ್ಲ, ಸಾಕಣೆ. ಮಳೆಯಲ್ಲಿ ಕೊಟ್ಟದ್ದನ್ನು ಹುಳ ಮಳೆಯಲ್ಲೇ ತಿಂದು ಮುಗಿಸುತ್ತದೆ, ಕಾಫಿ ಹೂ ಬಂದ ಮೇಲೆ ಕೂಡಿಡುವುದೇ ನಾವು ತೆಗೆಯುವ ತುಪ್ಪ ಎಂದು ಎಲ್ಲರ ನಂಬಿಕೆ. ನನ್ನದೂ ಅದೇ ಆಗಿತ್ತು.

ಅತ್ತೆಗೆ ಹೇಳಲೇಬೇಕಿತ್ತು. ಹೇಳಿದೆ. ಅವರು ಮೊರದಲ್ಲಿ ಅಕ್ಕಿ ಕೇರುತ್ತಿದ್ದವರು ಕೈ ನಿಲ್ಲಿಸಿ, "ಅದ್ಯಾವ ಮಿಶನ್ನೇ ಅದು, ನನ್ ಪೆಟ್ಗೇಲಿ ನಡ್ದಿದ್ದನ್ನ ಬೆಂಗ್ಳೂರಲ್ಲಿ ಕುಂತು ಕಂಡಿದ್ದು? ನಂಗೂ ತೋರ್ಸು" ಎಂದರು. ಆ ಯಂತ್ರವನ್ನು ನಾನೇ ಕಣ್ಣಾರೆ ನೋಡಿದ್ದು ಒಮ್ಮೆ ಮಾತ್ರ. ಅದಕ್ಕೇ ಅದರ ಅಜ್ಜಿಯನ್ನು ತೋರಿಸಿದೆ.

ಕಾಫಿ ಎಲೆಯನ್ನು ಕುಟ್ಟಿ, ಗಾಯ ತೊಳೆಯುವ ಸ್ಪಿರಿಟ್ಟಿನಲ್ಲಿ ನೆನೆಸಿ, ಆ ಹಸಿರು ರಸದಲ್ಲಿ ಒಂದು ಸೀಮೆಸುಣ್ಣದ ತುಂಡನ್ನು ನಿಲ್ಲಿಸಿದೆ. ಪ್ರತಿ ವರ್ಷ ಕ್ಲಾಸಿನಲ್ಲಿ ಮಾಡುವ ಆಟ ಇದು. ರಸ ನಿಧಾನಕ್ಕೆ ಸೀಮೆಸುಣ್ಣದ ಮೈ ಹತ್ತುತ್ತದೆ. ಹತ್ತುತ್ತ ಹತ್ತುತ್ತ ಬೇರೆಯಾಗುತ್ತದೆ. ಕೆಳಗೆ ಹಸಿರಿನ ಪಟ್ಟಿ, ಮೇಲೆ ತೆಳ್ಳಗೆ ಹಳದಿ. ರಷ್ಯಾದ ಒಬ್ಬ ಸಸ್ಯಶಾಸ್ತ್ರಜ್ಞ ಹೀಗೇ ಗಾಜಿನ ಕೊಳವೆಯಲ್ಲಿ ಸುಣ್ಣದ ಪುಡಿ ತುಂಬಿ ಎಲೆಯ ರಸವನ್ನು ಹಾಯಿಸಿ ಬಣ್ಣಗಳನ್ನು ಬಿಡಿಸಿದ್ದ. ಬದುಕಿದ್ದಾಗ ಅವನ ಮಾತನ್ನು ಬಹಳ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತು ರಕ್ತ, ಔಷಧಿ, ಮೆಣಸಿನ ಮೇಲಿನ ಕೀಟನಾಶಕ, ಏನನ್ನು ಪರೀಕ್ಷೆ ಮಾಡಬೇಕಾದರೂ ಅವನ ಆ ಸುಣ್ಣದ ಕೊಳವೆಯ ಮೊಮ್ಮಕ್ಕಳೇ ಬೇಕು.

"ಎಲೆ ಒಂದೇ ಹಸ್ರು ಅಂದ್ಕಂಡಿದ್ನಲ್ಲೇ, ಒಳಗೆ ಹಳ್ದಿನೂ ಐತೆ!" ಅತ್ತೆ ಸೀಮೆಸುಣ್ಣವನ್ನು ಬೆಳಕಿಗೆ ಹಿಡಿದು ನೋಡಿದರು. "ಅಂಗಾರೆ ತುಪ್ಪನೂ ಇಂಗೇ ಬಿಡ್ಸು. ಸಕ್ಕರೆ ಕೆಳೀಕೆ, ತುಪ್ಪ ಮೇಲಕ್ಕೆ."

ಬಿಡಿಸಲಾಗುವುದಿಲ್ಲ, ಹುಳ ಒಡೆದ ಮೇಲೆ ಎರಡೂ ಒಂದೇ ಸಕ್ಕರೆ ಎಂದೆ. ಮತ್ತೆ ಹೇಗೆ ಎಂದರು. ಅವರ ಮಡಿಲಲ್ಲಿದ್ದ ಮೊರವೇ ನನ್ನನ್ನು ಕಾಪಾಡಿತು. ಕಣದಲ್ಲಿ ರಾಗಿ ತೂರುವಾಗ ಗಾಳಿಗೆ ಜೊಳ್ಳು ದೂರ ಹೋಗುತ್ತದೆ, ಕಾಳು ಹತ್ತಿರ ಬೀಳುತ್ತದೆ. ಇಂಗಾಲದ ಕಣಗಳಲ್ಲೂ ಹಗುರದ್ದು ಭಾರದ್ದು ಎಂದು ಇದೆ. ಅವನ್ನು ಓಡಿಸಿ, ಅಡ್ಡಕ್ಕೆ ಗಾಳಿಯ ಬದಲು ಅಯಸ್ಕಾಂತ ಹಿಡಿದರೆ ಹಗುರದ್ದು ಜಾಸ್ತಿ ಬಾಗುತ್ತದೆ, ಭಾರದ್ದು ಕಡಿಮೆ. ಇಂಗ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ ನಿಯಾನ್ ಎಂಬ ಅನಿಲವನ್ನು ಹೀಗೆ ತೂರಿದಾಗ ಒಂದು ಗೆರೆ ಬರಬೇಕಾದಲ್ಲಿ ಎರಡು ಬಂದವು. ಒಂದೇ ವಸ್ತುವಿಗೆ ಎರಡು ತೂಕ ಇರಬಹುದೆಂದು ಜಗತ್ತಿಗೆ ಗೊತ್ತಾಗಿದ್ದು ಆಗ. ಕಬ್ಬು, ಜೋಳ, ರಾಗಿ ಗಾಳಿಯಿಂದ ಇಂಗಾಲ ಹೀರುವ ರೀತಿ ಒಂದು. ಕಾಫಿ, ಭತ್ತ, ಹಲಸು, ಕಾಡಿನ ಮರಗಳ ರೀತಿ ಇನ್ನೊಂದು. ಕಬ್ಬಿನ ಕಡೆಯವರಲ್ಲಿ ಭಾರದ ಇಂಗಾಲ ಒಂದು ಕೂದಲೆಳೆ ಜಾಸ್ತಿ ಇರುತ್ತದೆ. ಹುಳ ಸಕ್ಕರೆಯನ್ನು ಒಡೆಯಬಲ್ಲದು, ಆ ತೂಕವನ್ನು ಅಳಿಸಲಾರದು.

ಅತ್ತೆ ಮೊರದ ಅಕ್ಕಿಯನ್ನು ಬೆರಳಲ್ಲಿ ಕೆದಕಿದರು. "ಅಂಗಾರೆ ಮುದ್ದೆ ತಿಂದೋರ್ಗೂ ಅನ್ನ ತಿಂದೋರ್ಗೂ ಯತ್ವಾಸ ಇರ್ಬೇಕಲ್ಲ?"

ಇದೆ, ತಲೆಗೂದಲನ್ನು ತೂರಿ ನೋಡಿದರೆ ಗೊತ್ತಾಗುತ್ತದೆ ಎಂದೆ.

"ಅಯ್ಯೋ ನಿನ್ ಮಿಶನ್ ಮನೆ ಹಾಳಾಗ!" ಎಂದು ನಕ್ಕರು. ನಗು ಮುಗಿಯುವಷ್ಟರಲ್ಲಿ ಮುಖ ಗಟ್ಟಿಯಾಯಿತು. "ಆದ್ರೂ ನಾನ್ ಹಾಕಿಲ್ಲ ಕಣೇ. ದೇವ್ರಾಣೆ ಹಾಕಿಲ್ಲ."

"ನೀವು ಹಾಕಿಲ್ಲ ಅತ್ತೆ. ಹುಳ ಹಾಕಿರಬಹುದು."

ಆ ಮಾತು ಆಡಬಾರದಿತ್ತು. ಅವರನ್ನು ಏನಾದರೂ ಅನ್ನಬಹುದಿತ್ತು, ಅವರ ಹುಳವನ್ನು ಅನ್ನುವಂತಿರಲಿಲ್ಲ. ಮೊರ ಕೆಳಗಿಟ್ಟು ಎದ್ದು ಹೋದವರು ವಾರ ಕಳೆದರೂ ನನ್ನೊಡನೆ ಮಾತಾಡಲಿಲ್ಲ. ಏನು ಹೇಳಬೇಕಾದರೂ ಬೆಕ್ಕಿಗೆ ಹೇಳುತ್ತಿದ್ದರು: "ಓದ್ದೋರಿಗೆ ಕಾಫಿ ಬೇಕೇನೋ ಕೇಳು." ನಾನೂ ಬೆಕ್ಕಿಗೇ ಉತ್ತರ ಕೊಡುತ್ತಿದ್ದೆ. ಯಾರಿಗೆ ಸೋಲಲು ಇಷ್ಟ?

ಆ ದಿನಗಳಲ್ಲೇ ನಾನು ಪೆಟ್ಟಿಗೆಗಳ ಕಡೆ ಕಣ್ಣಿಟ್ಟು ನೋಡತೊಡಗಿದ್ದು. ಜೇನು ಪೆಟ್ಟಿಗೆಗೆ ಎರಡು ಅಂತಸ್ತು. ಕೆಳಗಿನದು ರಾಣಿ, ಮೊಟ್ಟೆ ಮರಿ ಇರುವ ಸಂಸಾರದ ಕೋಣೆ. ಮೇಲಿನದು ತುಪ್ಪದ ಕೋಣೆ. ನಾವು ತುಪ್ಪ ತೆಗೆಯುವುದು ಅಲ್ಲಿಂದ ಮಾತ್ರ. ಜೇನು ಸಾಕಣೆಯ ಪುಸ್ತಕದಲ್ಲಿ ಏನಿದೆಯೆಂದರೆ, ಸಕ್ಕರೆ ನೀರು ಕೊಡುವ ಕಾಲಕ್ಕೆ ಮೇಲಿನ ಕೋಣೆಯನ್ನು ತೆಗೆದಿಡಬೇಕು. ಅತ್ತೆ ತೆಗೆಯುವುದಿಲ್ಲ. ಅವರು ಅದನ್ನು ಕರೆಯುವುದೇ ಅಟ್ಟ ಎಂದು. ನಮ್ಮ ಕಡೆ ಮಳೆ ಹಿಡಿಯುವ ಮುಂಚೆ ಮನೆಯ ಅಟ್ಟ ತುಂಬಿಸಬೇಕು: ಸೌದೆ, ಅಕ್ಕಿ, ಹುಣಸೆಹಣ್ಣು, ಹಪ್ಪಳ. ಮಳೆಗಾಲದಲ್ಲಿ ಅಟ್ಟ ಬರಿದಾದರೆ ಮನೆಗೆ ಒಳ್ಳೆಯದಲ್ಲ. ಮನುಷ್ಯರಿಗೆ ಹೇಗೋ ಹುಳಕ್ಕೂ ಹಾಗೇ ಎಂದು ಅವರ ಲೆಕ್ಕ. ಜೊತೆಗೆ ಅವರ ಕೈ ಧಾರಾಳ. ಬೇರೆಯವರು ತೆಂಗಿನ ಚಿಪ್ಪಿನಲ್ಲಿ ಪಾಕ ಇಟ್ಟರೆ ಇವರು ಬಟ್ಟಲಲ್ಲಿ ಇಡುವವರು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಬಾಣಂತಿ ಮನೆ ಕಣೇ ಅದು. ಬಾಣಂತಿಗೆ ಅಳ್ದು ಬಡಿಸ್ತಾರಾ?" ಎಂದಿದ್ದರು.

ನನಗೆ ಉತ್ತರ ಗೊತ್ತಾಗಿಬಿಟ್ಟಿತ್ತು. ಆದರೆ ಗೊತ್ತಾಗುವುದೇ ಬೇರೆ, ತೋರಿಸುವುದೇ ಬೇರೆ. ಬೆಕ್ಕನ್ನು ಪಕ್ಕಕ್ಕಿಟ್ಟು ಅತ್ತೆಯ ಎದುರಿಗೇ ಹೋಗಿ ಕೂತೆ. ಹುಳ ಏನು ಮಾಡುತ್ತದೆಂದು ನೀವೂ ನೋಡಿಲ್ಲ, ನಾನೂ ನೋಡಿಲ್ಲ, ಪಾಕಕ್ಕೆ ಬಣ್ಣ ಹಾಕಿಡೋಣ, ಎಲ್ಲಿಗೆ ಹೋಗುತ್ತೆ ನೋಡೋಣ ಎಂದೆ. ಸಭೆಗೆ ನಾನು ಬಂದು ಏನು ಹೇಳಬೇಕಾದರೂ ನನ್ನ ಕೈಯಲ್ಲಿ ಏನಾದರೂ ಇರಬೇಕು ಎಂದೂ ಹೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನಡಿ, ನೋಡೇಬುಡಾನ. ನನ್ ಹುಳ ಅಂಗೆಲ್ಲ ಮಾಡಕ್ಕಿಲ್ಲ. ನಿನ್ ಮೂಗು ಮುರೀದಿದ್ರೆ ಕೇಳು."

ಬಾಳ್ಳುಪೇಟೆಯ ಬೇಕರಿಯಲ್ಲಿ ಕೇಕಿಗೆ ಹಾಕುವ ಹಸಿರು ಬಣ್ಣ ಕೇಳಿದೆ. ಮೇಡಂ ಮನೇಲಿ ಯಾರದ್ದಾದರೂ ಬರ್ತ್‌ಡೇನಾ ಎಂದ ಅಂಗಡಿಯವನು. ಹೌದು, ಜೇನುಹುಳದ್ದು ಎಂದೆ. ಅವನು ಅದನ್ನು ತಮಾಷೆಯೆಂದುಕೊಂಡು ನಕ್ಕ.

ಹುಳದ ಬಲ ಸಮಸಮ ಇದ್ದ ಎರಡು ಪೆಟ್ಟಿಗೆಗಳನ್ನು ಅತ್ತೆಯೇ ಆರಿಸಿದರು. ಒಂದರ ಅಟ್ಟ ಹಾಗೇ ಇರಬೇಕು, ಇನ್ನೊಂದರದ್ದು ತೆಗೆಯಬೇಕು. ಎರಡಕ್ಕೂ ಅದೇ ಹಸಿರು ಪಾಕ. ಆ ಎರಡರ ತುಪ್ಪವನ್ನು ಮಾರುವುದಿಲ್ಲವೆಂದು ಮೊದಲೇ ಮಾತಾಯಿತು. ಅಟ್ಟ ತೆಗೆಯುವಾಗ ಮಾತ್ರ, ಹುಳಕ್ಕೆ ತಲೆ ಮೇಲೆ ಏನೂ ಇಲ್ಲದಂತಾಯಿತಲ್ಲ ಎಂದು ಗೊಣಗಿದರು. ಮುಚ್ಚಳ ಇದೆಯಲ್ಲ ಅತ್ತೆ ಎಂದರೆ, "ಮುಚ್ಚಳ ಬೇರೆ, ಅಟ್ಟ ಬೇರೆ. ನಿಂಗೇನ್ ಗೊತ್ತು" ಎಂದು ಗದರಿದರು. ಸಂಜೆ ನೋಡಿದರೆ ಆ ಪೆಟ್ಟಿಗೆಯ ಮೇಲೆ ಗೋಣಿಚೀಲ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಮಾವನವರ ಹಳೇ ಕಂಬಳಿ ಹೊದಿಸಿದ್ದರು. ನಾನು ಕಂಡೂ ಕಾಣದ ಹಾಗೆ ಬಂದೆ.

ಮಳೆ ಬಿಡುವವರೆಗೂ ಕಾದೆವು. ಕಾಯುವುದು ನನಗೆ ಹೊಸದಲ್ಲ. ಬ್ಯೂರೆಟ್ಟಿನ ಕೊನೆಯ ಹನಿಗೆ ಕಾದು ಕಾದು ಅಭ್ಯಾಸವಾದವಳು. ಆದರೆ ಆ ಮಳೆಗಾಲದಲ್ಲಿ ನಾನು ಒಂದು ವಿಚಿತ್ರ ಕಾಯುವಿಕೆ ಕಾದೆ. ನನ್ನ ಲೆಕ್ಕ ತಪ್ಪಾಗಲಿ ಎಂದು ಬಯಸಿದೆ. ಮೂವತ್ತು ಮಕ್ಕಳ ಮುಂದೆ ನಿಂತು ಪ್ರಯೋಗದ ಫಲಿತಾಂಶದ ಮೇಲೆ ಆಸೆ ಇಟ್ಟುಕೊಳ್ಳಬಾರದು ಎಂದು ಹೇಳುವ ನಾನು, ದಿನಾ ಸಂಜೆ ಪೆಟ್ಟಿಗೆಯ ಕಡೆ ನೋಡಿ, ಬೇಡ ಮಾರಾಯ, ಹಸಿರು ಮೇಲಕ್ಕೆ ಹೋಗುವುದು ಬೇಡ ಎಂದುಕೊಳ್ಳುತ್ತಿದ್ದೆ.

ಗೌರಿಹಬ್ಬ ಕಳೆದು, ಮಳೆ ಬಿಟ್ಟು ಹೊಳವಾದ ಒಂದು ಬೆಳಿಗ್ಗೆ ಅತ್ತೆ ಹೊಗೆ ಹಿಡಿದು ಪೆಟ್ಟಿಗೆ ಬಿಚ್ಚಿದರು. ಮೊದಲು ಅಟ್ಟ ಇಲ್ಲದ್ದು. ಸಂಸಾರ ಸುಖವಾಗಿತ್ತು. ಮರಿಗಳು ತುಂಬಿದ್ದವು, ಹುಳ ಕಟ್ಟಿದ ಮೇಣದ ಎರಿಗಳ ಅಂಚಿನಲ್ಲಿ ಮಾತ್ರ ತೆಳ್ಳಗೆ ಹಸಿರು. ಆಮೇಲೆ ಅಟ್ಟ ಇದ್ದದ್ದು. ಮೇಲಿನ ಕೋಣೆಯಿಂದ ಒಂದು ಚೌಕಟ್ಟನ್ನು ಎತ್ತಿದರು. ಮೇಣದಿಂದ ಮುಚ್ಚಿದ ಎರಿ, ನೋಡಲು ಪ್ರತಿ ವರ್ಷದ ಹಾಗೇ ಇತ್ತು. ಚಾಕುವಿನಿಂದ ಮೇಣದ ಪೊರೆಯನ್ನು ಸವರಿದರು.

ಗಿಳಿಯ ಹಸಿರು. ಎರಿಯ ಸಾಲು ಸಾಲು ಕಣ್ಣುಗಳಲ್ಲಿ ಬೇಕರಿಯ ಹಸಿರು ತುಂಬಿ ಬಿಸಿಲಿಗೆ ಹೊಳೆಯುತ್ತಿತ್ತು.

ಅತ್ತೆ ಒಂದು ಬೆರಳು ಅದ್ದಿ ಬಾಯಿಗಿಟ್ಟರು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ" ಎಂದು ಕಾಫಿ ಗಿಡದ ಬುಡದಲ್ಲೇ ಕೂತುಬಿಟ್ಟರು. ಚೌಕಟ್ಟನ್ನು ಬಿಸಿಲಿಗೆ ಹಿಡಿದು, "ಪಾಪ, ನೋಡು ಎಷ್ಟ್ ಚೆಂದಾಗಿ ಕೂಡಿಟ್ಟವೆ. ನಾ ಕೊಟ್ಟಿದ್ದನ್ನ ಒಂದ್ ಹನಿ ಚೆಲ್ಲಿಲ್ಲ. ಅಟ್ಟ ಬುಟ್ಟಿದ್ನಲ್ಲ, ಅದ್ಕೇ ತುಂಬ್ಸವೆ" ಎಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರ ಹೆಸರು ಉಳಿಸುತ್ತೇನೆಂದು ಹೊರಟವಳು, ಅವರ ಮೇಲೆಯೇ ಸಾಕ್ಷಿ ಹುಟ್ಟಿಸಿದ್ದೆ. ವರದಿ ಸರಿಯಾಗಿತ್ತು. ಅವರು ಕಳ್ಳರಲ್ಲ ಎಂಬುದೂ ಸರಿಯಾಗಿತ್ತು. ಆದರೆ ಎರಡನೆಯದನ್ನು ಅಳೆಯುವ ಯಂತ್ರ ಎಲ್ಲಿದೆ?

ನನ್ನ ಗಂಡ ಊಟಕ್ಕೆ ಕೂತಾಗ ಕಥೆಯನ್ನೆಲ್ಲ ಕೇಳಿ, "ಅದನ್ನ ಒಲೆಗಾಕಿ ಬುಡ್ರಿ. ಲ್ಯಾಬ್ನೋರದ್ದು ತಪ್ಪು ಅಂತ ಇವ್ಳು ಸಭೇಲಿ ನಿಂತು ಹೇಳ್ಲಿ. ಕೆಮಿಸ್ಟ್ರಿ ಮೇಡಂ ಹೇಳಿದ್ರೆ ಯಾರ್ ಇಲ್ಲ ಅಂತಾರೆ?" ಎಂದರು. ಯಾರೂ ಇಲ್ಲ ಅನ್ನುತ್ತಿರಲಿಲ್ಲ, ಅದೇ ಭಯ. ನನ್ನ ಕೋಪ ನೆತ್ತಿಗೇರಿತು. ಬಾಯಿ ತೆಗೆಯುವಷ್ಟರಲ್ಲಿ ಅತ್ತೆ, "ನೀನು ಬಾಯ್ ಮುಚ್ಕಂಡು ಉಣ್ಣು" ಎಂದು ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಚೌಕಟ್ಟನ್ನು ಒಗೆದ ಬಿಳಿ ಪಂಚೆಯಲ್ಲಿ ಸುತ್ತಿ, ಇರುವೆ ಮುತ್ತದ ಹಾಗೆ ನೀರಿನ ಪಾತ್ರೆಯ ನಡುವೆ ಮಣೆ ಹಾಕಿ, ದೀಪಾವಳಿಯವರೆಗೂ ಕಾಪಾಡಿದರು.

ಸಭೆ ನಡೆದಿದ್ದು ಬಾಳ್ಳುಪೇಟೆಯಲ್ಲಿ, ಹೈವೇ ಪಕ್ಕದ ಸಂಘದ ಕೋಣೆಯಲ್ಲಿ. ಲಾರಿ ಹಾಯ್ದಾಗಲೆಲ್ಲ ಮಾತು ನಿಲ್ಲಿಸಬೇಕು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಶುರು ಮಾಡುವ ಮೊದಲೇ ಅತ್ತೆ ಎದ್ದು ಹೋಗಿ ಮೇಜಿನ ಮೇಲೆ ಪಂಚೆ ಬಿಚ್ಚಿದರು. ಹಸಿರು ಎರಿ ನೋಡಿ ಇಡೀ ಕೋಣೆ ಬಗ್ಗಿತು.

"ಇದು ನನ್ ಪೆಟ್ಗೇದು. ಮಳೇಲಿ ಕೊಟ್ಟ ಪಾಕಕ್ಕೆ ಬಣ್ಣ ಹಾಕಿ ನೋಡ್ದೊ. ಹುಳ ತಿಂದ್ ಮುಗ್ಸಲ್ಲ, ಉಳಿದಿದ್ದನ್ನ ಅಟ್ಟಕ್ಕೆ ತುಂಬ್ತವೆ. ನಾನು ಅಟ್ಟ ತೆಗೀತಿರ್ಲಿಲ್ಲ. ಅದೇ ತುಪ್ಪ ಡ್ರಮ್ಮಿಗೆ ಬಂದೈತೆ. ಬೇಕು ಅಂತ ಒಂದ್ ಕಾಳು ಸಕ್ಕರೆ ಬೆರೆಸ್ದೋಳಲ್ಲ ನಾನು. ಆದ್ರೆ ಡ್ರಮ್ಮು ಕೆಟ್ಟಿದ್ದು ನನ್ ತುಪ್ಪದಿಂದ. ಅದನ್ನ ನಾನೇ ಹೇಳ್ಬೇಕಿತ್ತು, ಹೇಳ್ದೆ. ಇರು ಅಂದ್ರೆ ಇರ್ತೀನಿ, ಹೋಗು ಅಂದ್ರೆ ಹೋಯ್ತೀನಿ."

ಲಾರಿಯೊಂದು ಹಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಆ ಕೋಣೆಯಲ್ಲಿ ಅಷ್ಟೂ ಜನರ ಕೈ ಹೆಗಲ ಕಡೆಗೇ ಹೋದ ಹಾಗೆ ನನಗೆ ಕಂಡಿತು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು, "ನಾವೂ ಅಟ್ಟ ತೆಗ್ಯಲ್ಲ ಕಣಕ್ಕ" ಎಂದಳು. ಇನ್ನೊಬ್ಬರು, ಮತ್ತೊಬ್ಬರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತ, "ನಮ್ಮನೇಲೂ ತೆಗ್ಯಕ್ಕಿಲ್ಲ. ಮಳೇಲಿ ಎಂಗ್ ತೆಗ್ಯದು?" ಎಂದರು. ಆಗ ಎಲ್ಲರೂ ನನ್ನ ಕಡೆ ತಿರುಗಿದರು. ಡ್ರಮ್ಮಿನಲ್ಲಿದ್ದ ಸಕ್ಕರೆ ಯಾರದ್ದು ಮೇಡಮ್ಮೋರೇ? ನಾನು ನಿಜ ಹೇಳಿದೆ. ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಬೆರೆತ ಮೇಲೆ ಯಾರದ್ದೆಂದು ಯಾವ ಯಂತ್ರವೂ ಹೇಳುವುದಿಲ್ಲ.

ಕೋಣೆಯಲ್ಲಿ ಉಸಿರು ಹಗುರಾಯಿತು. ಅಧ್ಯಕ್ಷರು ಮುಖ ಅರಳಿಸಿ, "ಅಂಗಾರೆ ಎಲ್ರದ್ದೂ ಆಯ್ತಲ್ಲ, ಬುಡಿ ಅತ್ಲಾಗೆ. ಅಕ್ಕ, ನೀವು ಕುಂತ್ಕಳಿ" ಎಂದರು. ನಾನೂ ಬದುಕಿದೆ ಎಂದುಕೊಂಡೆ. ಅತ್ತೆ ಕೂರಲಿಲ್ಲ.

"ಎಲ್ರದ್ದೂ ಅಂದ್ರೆ ಯಾರದ್ದೂ ಅಲ್ಲ ಅಂತಾಯ್ತು. ಮುಂದಿನ ವರ್ಸ ನನ್ ತುಪ್ಪ ಡ್ರಮ್ಮಿಗೆ ಹುಯ್ಯಲ್ಲ. ಬೇರೆ ಟಿನ್ನಲ್ಲಿ ಕೊಡ್ತೀನಿ, ಮೇಲೆ ನನ್ ಹೆಸ್ರು ಬರೀತೀನಿ. ಅದನ್ನ ಬ್ಯಾರೇನೇ ಪರೀಕ್ಸೆ ಮಾಡ್ಸಿ. ಕೆಟ್ರೆ ಅವತ್ತೇ ನನ್ನ ಕಳ್ಸಿ."

ಆ ವರ್ಷದ ಹಳೇ ತುಪ್ಪವನ್ನೆಲ್ಲ ಅತ್ತೆ ಅಟ್ಟಗಳಿಂದ ತೆಗೆದು ಹುಳಕ್ಕೇ ತಿನ್ನಿಸಿದರು. ಪಾಕ ನಿಲ್ಲಿಸಿ, ಕೆಳಗಿನ ಕೋಣೆಯಲ್ಲೂ ಹಳೇ ಪಾಕ ಉಳಿದಿಲ್ಲವೆಂದು ನೋಡಿ, ಕಾಫಿ ಮೊಗ್ಗು ಬಲಿತ ಮೇಲೆ ಬರಿದಾದ ಅಟ್ಟ ಏರಿಸಿದರು. ಕಾಫಿ ಅರಳಿಸುವ ಹೂಮಳೆ ಬಿದ್ದ ಕೂಡಲೇ ಕೆಲವು ಪೆಟ್ಟಿಗೆಗಳನ್ನು ಜೀಪಿನಲ್ಲಿ ದೋಣಿಗಲ್ಲಿನ ಎಸ್ಟೇಟಿಗೆ ಸಾಗಿಸಿದರು. ಅಲ್ಲಿ ಲೆಕ್ಕ ಬರೆಯುವ ರೈಟರ್ ಪರಿಚಯದವರು, ಹೂವಿನ ನಡುವೆ ಜಾಗ ಕೊಟ್ಟರು. ತುಪ್ಪ ಹೋದ ವರ್ಷದ ಅರ್ಧವೂ ಆಗಲಿಲ್ಲ. ಊರಿನಲ್ಲಿ ಒಂದಿಬ್ಬರು ಕಿಸಕ್ಕೆಂದರು. ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ಟಿನ್ನಿನ ಮೇಲೆ ಬಿಳಿ ಪೇಂಟಿನಲ್ಲಿ ತಮ್ಮ ಹೆಸರನ್ನು ತಾವೇ ಬರೆದರು, ದಪ್ಪ ದಪ್ಪ ಅಕ್ಷರ, ಕೊನೆಯದು ಜಾಗ ಸಾಲದೆ ಅಂಚಿಗೆ ತಿರುಗಿತು.

ವರದಿ ಬಂದ ದಿನ ಮತ್ತೆ ಮಳೆ. ಅಧ್ಯಕ್ಷರು ಕೊಡೆ ಮಡಚುವುದನ್ನೂ ಮರೆತು ಜಗಲಿಗೆ ಬಂದರು. "ಅಕ್ಕ, ನಿಮ್ದು ಅಪ್ಪಟ ಅಂತ ಬಂದೈತೆ! ಒಂದ್ ಚೂರೂ ಸಕ್ಕರೆ ಇಲ್ವಂತೆ!" ನನ್ನ ಕಣ್ಣಿನಲ್ಲಿ ನೀರು ಬಂತು, ಬಂದರೆ ಬರಲಿ ಎಂದು ಬಿಟ್ಟೆ. ಅತ್ತೆ ಮಾತ್ರ ಒಳಗೆ ಹೋಗಿ ಅಧ್ಯಕ್ಷರಿಗೆ ಕಾಫಿ ತಂದುಕೊಟ್ಟರು. ಮುಗಿದೇಹೋಯಿತಲ್ಲಕ್ಕ, ಇನ್ನು ಮುಂದಿನ ವರ್ಷದಿಂದ ನಿಮ್ಮದನ್ನೂ ಡ್ರಮ್ಮಿಗೇ ಸುರಿದುಬಿಡಿ ಎಂದರು ಅಧ್ಯಕ್ಷರು.

"ಬ್ಯಾಡ ಅಧ್ಯಕ್ಷರೇ" ಎಂದರು ಅತ್ತೆ. "ನನ್ ಹೆಸ್ರಲ್ಲೇ ಹೋಗ್ಲಿ. ಚೆಂದಾದ್ರೂ ನಂದೇ, ಕೆಟ್ರೂ ನಂದೇ."

ಈಗ ಸಂಘದಲ್ಲಿ ಎಲ್ಲರ ಟಿನ್ನಿನ ಮೇಲೂ ಅವರವರ ಹೆಸರಿದೆ. ಕೆಲಸಕ್ಕೆ ಬಾರದ ಡ್ರಮ್ಮನ್ನು ಅತ್ತೆ ಕೇಳಿ ತಂದರು. ತೊಳೆದು, ಬಿಸಿಲಿಗೆ ಒಣಗಿಸಿ, ಮಗನ ಕೈಯಲ್ಲಿ ನಮ್ಮ ಮನೆಯ ಅಟ್ಟಕ್ಕೆ ಎತ್ತಿಸಿ, ಮಳೆ ಹಿಡಿಯುವ ಮುಂಚೆ ಅದರ ತುಂಬ ಅಕ್ಕಿ ತುಂಬಿಸಿಟ್ಟಿದ್ದಾರೆ.